ಕೀಲುಬೊಂಬೆಗೆ ಹೊಸ ಮಾತು ಕಲಿಸಿದ ಪಂಡಿತ

ಹತ್ತಿರ ಬಂದು ಕೂತ್ಕೊಳ್ಳಿ, ಮಧ್ಯೆ ಎದ್ದು ಹೋಗುವವರು ಈಗಲೇ ಹೋಗಿ. ಹಿಂದೆ ಒಂದು ಪುಟ್ಟ ರಾಜ್ಯ. ಅದಕ್ಕೊಬ್ಬ ರಾಜ, ಗುಣಶೇಖರ ಅಂತ. ಆ ರಾಜನ ಛತ್ರದಲ್ಲಿ ಒಂದು ಕೀಲುಬೊಂಬೆ ಇತ್ತು. ಆಳೆತ್ತರದ ಮರದ ಬೊಂಬೆ. ಹೊಟ್ಟೆ ತುಂಬ ಕೀಲು, ಕೈಯಲ್ಲಿ ಸೌಟು. ಯಾವ ಕಾಲದ ಬಡಗಿ ಮಾಡಿಟ್ಟು ಹೋದನೋ, ದಿನಾ ಐನೂರು ಎಲೆಗೆ ಅಡುಗೆ ಮಾಡಿ ಬಡಿಸುತ್ತಿತ್ತು.

ಆದರೆ ನಮ್ಮ ನಿಮ್ಮ ಮಾತು ಅದಕ್ಕೆ ತಿಳಿಯದು. ತಿಳಿಯುವುದು ನಲವತ್ತೇ ಮಾತು. ಅಳೆ, ತೊಳೆ, ಒಲೆ ಹಚ್ಚು, ಬೇಯಿಸು, ಬಡಿಸು, ನಿಲ್ಲು, ಹೀಗೆ. ಒಂದೊಂದು ಮಾತಿಗೆ ಒಂದೊಂದು ಕೀಲು. ಸಾಲಾಗಿ ಹೇಳಿದರೆ ಸಾಲಾಗಿ ಮಾಡುತ್ತದೆ. ಹೇಳಿದ್ದು ಮಾಡುತ್ತದೆ, ಹೇಳದ್ದು ಮಾಡುವುದಿಲ್ಲ. ಗಂಡಂದಿರಿಗಿಂತ ಎಷ್ಟೋ ವಾಸಿ. ಈ ನಲವತ್ತಕ್ಕೆ ಕೀಲುಮಾತು ಅಂತ ಹೆಸರು.

ಬೊಂಬೆಗೆ ಮಾತು ಹೇಳುವವಳು ದೇವೀರಮ್ಮ. ಅಕ್ಷರ ಬರದು, ಮಾತು ಅಷ್ಟೂ ಬಾಯಿಪಾಠ. ಮೂವತ್ತು ವರ್ಷದಿಂದ ಛತ್ರದ ಹಿಂದಿನ ಕೋಣೆಯೇ ಅವಳ ಮನೆ. ಒಳ್ಳೆಯವಳೇ, ಆದರೆ ಯಾರಾದರೂ ಹೊಗಳಿದರೆ ಸಾಕು, ಬಿಸಿಲಿಗಿಟ್ಟ ಬೆಣ್ಣೆ ಆಗಿಬಿಡುತ್ತಿದ್ದಳು. ನಾವೇನು ಬೇರೆಯೇ? ನಮ್ಮನ್ನು ಹೊಗಳುವವರು ಸಿಗಲಿಲ್ಲ, ಅಷ್ಟೇ.

ಪ್ರತಿ ಹುಣ್ಣಿಮೆಗೆ ಸಭೆ. ಯಾರು ಬೇಕಾದರೂ ಬಂದು, ಬೊಂಬೆಗೆ ಇಂಥ ಹೊಸ ಮಾತು ಬೇಕು ಅಂತ ಕೇಳಬಹುದು. ಬಡಗಿ ಅದಕ್ಕೊಂದು ಕೀಲು ಕೂರಿಸುತ್ತಾನೆ. ಆದರೆ ಒಂದು ಕಟ್ಟಳೆ. ಆ ಮಾತಿನಿಂದ ಆದ ಅಡುಗೆಯ ಮೊದಲ ಎಲೆಗೆ ಮಾತು ತಂದವನೇ ಕೂರಬೇಕು. ಉಂಡು, ಚೆನ್ನಾಗಿದೆ ಅಂದರೆ ಮಾತು ನಿಂತಿತು. ಇಲ್ಲದಿದ್ದರೆ ಕೀಲು ಕಿತ್ತು ಒಲೆಗೆ. ಈ ಕಟ್ಟಳೆಯ ಭಯಕ್ಕೆ ಮೂವತ್ತು ವರ್ಷದಲ್ಲಿ ಎರಡೇ ಹೊಸ ಮಾತು ಬಂದಿದ್ದವು.

ಹೀಗಿರುವಾಗ ಬಂದ ಅಪ್ರಮೇಯ ಪಂಡಿತ. ಹೆಗಲ ಮೇಲೆ ಜರಿ ಶಾಲು, ಕಂಕುಳಲ್ಲಿ ಓಲೆಗರಿಯ ಕಟ್ಟು, ಕೈಯಲ್ಲಿ ಸದಾ ಪಂಚಾಂಗ. ಹೆಂಡತಿ ಕೂಗಿದರೂ ಮೂರು ಸಲ ಗಂಟಲು ಸರಿಮಾಡಿಕೊಂಡೇ ಓ ಅನ್ನುತ್ತಿದ್ದನಂತೆ. ಪಕ್ಕದ ಮನೆಯವಳೇ ಹೇಳಿದ್ದು.

ಮೊದಲನೇ ಹುಣ್ಣಿಮೆಗೆ ಅವನು ತಂದದ್ದು 'ನಿನ್ನೆಯಂತೆ' ಅನ್ನುವ ಮಾತು. ದಿನಾ ಅದನ್ನೇ ಯಾಕೆ ಒದರಬೇಕು, ನಿನ್ನೆಯಂತೆ ಅಂದರೆ ಬೊಂಬೆ ನಿನ್ನೆ ಮಾಡಿದ್ದನ್ನೇ ಮಾಡಲಿ ಅಂದ. ಮಾತು ಒಳ್ಳೆಯದೇ, ಸುಳ್ಳು ಯಾಕೆ ಹೇಳಲಿ. ಎಲೆ ಹಾಕುವ ಹೊತ್ತಿಗೆ ಪಂಡಿತ ಎದ್ದು ನಿಂತು, ತನಗೆ ಇವತ್ತು ವ್ರತ, ಉಪವಾಸ ಅಂದ. ಆಮೇಲೆ ದೇವೀರಮ್ಮನ ಕಡೆ ತಿರುಗಿದ.

"ದೇವೀರಮ್ಮನವರೇ, ನಿಮ್ಮ ನಾಲಗೆ ಅಂದರೆ ಈ ರಾಜ್ಯದ ನಾಲಗೆ. ನನ್ನ ಬದಲು ನೀವೇ ಕೂತು ಹೇಳಿ."

ವ್ರತ ಅಂದ ಮೇಲೆ ರಾಜನೂ ಆಗಲಿ ಅಂದ. ಮೂವತ್ತು ವರ್ಷ ಎಲ್ಲರಿಗೂ ಉಣಿಸಿದವಳಿಗೆ ಕೂತು ಉಣ್ಣಿ ಅಂದವರೇ ಇರಲಿಲ್ಲ. ಕೂತಳು. ಉಂಡಳು. ಚೆನ್ನಾಗಿದೆ ಅಂದಳು.

ಎರಡನೇ ಹುಣ್ಣಿಮೆಗೆ ಪಂಡಿತ 'ಅಂದಾಜು' ಅನ್ನುವ ಮಾತು ತಂದ. ಇಷ್ಟು ಉಪ್ಪು, ಇಷ್ಟು ಖಾರ ಅಂತ ಅಳತೆ ಹೇಳುವುದು ಕಾಡುಜನರ ಪದ್ಧತಿ, ಬೊಂಬೆಯೇ ಊಹಿಸಿಕೊಳ್ಳಲಿ ಅಂದ. ಮರದ ಬೊಂಬೆಗೆ ನಾಲಗೆ ಎಲ್ಲಿದೆ ಅಂತ ಯಾರೂ ಕೇಳಲಿಲ್ಲ. ಕೇಳಿದರೆ ತಿಳಿಯದವರು ಅನ್ನಿಸಿಕೊಳ್ಳಬೇಕಲ್ಲ. ಮಂತ್ರಿ ತಲೆಯಾಡಿಸಿದ, ಮಂತ್ರಿಯನ್ನು ನೋಡಿ ಸೇನಾಪತಿ ಆಡಿಸಿದ, ಅವನನ್ನು ನೋಡಿ ಊರೇ ಆಡಿಸಿತು. ಪಂಡಿತನಿಗೆ ಅವತ್ತೂ ವ್ರತ. ದೇವೀರಮ್ಮನೇ ಕೂತಳು. ಹುಳಿಯಲ್ಲಿ ಉಪ್ಪು ಎಷ್ಟಿತ್ತು ಅಂದರೆ ಕಣ್ಣಲ್ಲಿ ನೀರು ಬಂತು. ಆನಂದಕ್ಕೆ ಅಳುತ್ತಿದ್ದಾರೆ ಅಂದ ಪಂಡಿತ. ಇವಳು ಹೌದು ಅಂದಳು, ಚೆನ್ನಾಗಿದೆ ಅಂತಲೂ ಸೇರಿಸಿದಳು. ಅವತ್ತಿನಿಂದ ಛತ್ರದಲ್ಲಿ ಉಂಡವರೆಲ್ಲ ಕೆರೆಗೆ ಓಡುವುದು, ಬೊಗಸೆ ತುಂಬ ನೀರು ಕುಡಿಯುವುದು. ಆದರೂ ಯಾರೂ ಬಾಯಿ ಬಿಡಲಿಲ್ಲ.

ಮೂರನೇ ಹುಣ್ಣಿಮೆಗೆ ಪಂಡಿತ ಇಡೀ ಕಟ್ಟನ್ನೇ ಬಿಚ್ಚಿದ. ನಲವತ್ತು ಮಾತೂ ಒರಟು, ಎಲ್ಲಕ್ಕೂ ಹೊಸ ಹೆಸರು ಬೇಕು. ಕ್ರಮವೂ ತಿರುಗಬೇಕು. ಉಣ್ಣುವವನು ದೊಡ್ಡವನು, ಆದ್ದರಿಂದ ಬಡಿಸುವ ಮಾತು ಮೊದಲು, ತೊಳೆಯುವ ಮಾತು ಕೊನೆಗೆ. ಹಳೇ ಕೀಲೆಲ್ಲ ಕಿತ್ತು ಬಿಸಾಡಬೇಕು, ಇನ್ನು ಮುಂದೆ ಬೊಂಬೆಗೆ ಹೇಳಲು ತಿಳಿದವನು ತಾನೊಬ್ಬನೇ, ತುತ್ತು ಬೇಕಾದವರು ತನ್ನ ಮನೆ ಬಾಗಿಲಿಗೆ ಬಂದು ಕೇಳಲಿ ಅಂದ. ಕೊನೆಗೆ ಮರುಕದ ದನಿ ತೆಗೆದು, ದೇವೀರಮ್ಮನವರಿಗೆ ವಯಸ್ಸಾಯಿತು, ಕೋಣೆ ಬಿಟ್ಟು ಮಗಳ ಮನೆಗೆ ಹೋಗಿ ಆರಾಮಾಗಿರಲಿ ಅಂತಲೂ ಸೇರಿಸಿದ.

ದೇವೀರಮ್ಮನಿಗೆ ಮಗಳೇ ಇರಲಿಲ್ಲ. ನಾಲಗೆಯನ್ನು ಅಷ್ಟು ಹೊಗಳಿದವನಿಗೆ ಅಷ್ಟೂ ತಿಳಿಯದು. ಅವಳಿಗೆ ಸಂಕಟ ಆಯಿತು. ಸಂಕಟಕ್ಕಿಂತ ಹೆಚ್ಚು ನಾಚಿಕೆ ಆಯಿತು. ಈಗ ಕೋಣೆ ಉಳಿಯಬೇಕಾದರೆ, ಊರಿನ ಊಟ ಉಳಿಯಬೇಕಾದರೆ, ತನ್ನ ಮಾನ ತಾನೇ ಬಿಚ್ಚಿಡಬೇಕು.

ಮೊದಲ ಎಲೆಗೆ ಎಂದಿನಂತೆ ದೇವೀರಮ್ಮನೇ ಕೂರಲಿ ಅಂದ ರಾಜ. ಅವಳು ಕೈ ಮುಗಿದಳು.

"ಬುದ್ಧೀ, ನನ್ನ ನಾಲಗೆಗೆ ಆ ಯೋಗ್ಯತೆ ಇಲ್ಲ. ಹೋದ ಸಲ ಹುಳಿ ಬಾಯಿಗಿಡುವ ಹಾಗಿರಲಿಲ್ಲ. ಪಂಡಿತರು ಹೊಗಳಿದರು ಅಂತ ಚೆನ್ನಾಗಿದೆ ಅಂದೆ. ಅವರು ಹೇಳಿದ್ದೂ ನನಗೆ ಒಂದಕ್ಷರ ತಿಳಿಯಲಿಲ್ಲ. ತಿಳಿಯಿತು ಅಂತ ತಲೆಯಾಡಿಸಿದೆ."

ಸಭೆ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ತಾವೂ ತಲೆಯಾಡಿಸಿದವರೇ. ಪಂಡಿತನೂ ನಕ್ಕ. ನಗು ನಿಲ್ಲುವ ತನಕ ಕಾದು ಅವಳು ಮುಂದುವರಿಸಿದಳು.

"ಇಂಥ ದೊಡ್ಡ ಕೆಲಸಕ್ಕೆ ಮಾಡಿದವರ ನಾಲಗೆಯೇ ಸರಿ. ಪಂಚಾಂಗ ಪಂಡಿತರ ಕೈಯಲ್ಲೇ ಇದೆ. ಯಾವ ವ್ರತವೂ ಇಲ್ಲದ ಒಂದು ದಿನ ಅವರೇ ಹೇಳಲಿ."

ಅಷ್ಟು ಜನ ನೋಡುತ್ತಿದ್ದಾರೆ, ಪಂಚಾಂಗ ಕೈಯಲ್ಲಿದೆ. ಮುದುಕಿ ಎಲ್ಲರೆದುರು ಮೂರು ಕಾಸಿಗೆ ಇಳಿದಳು ಅನ್ನುವ ಖುಷಿ ಬೇರೆ. ಪಂಡಿತ ಪುಟ ತಿರುವಿ, ಬರುವ ಬುಧವಾರ ಚೊಕ್ಕವಾಗಿದೆ ಅಂದುಬಿಟ್ಟ. ಅಷ್ಟರೊಳಗೆ ಹೊಸ ಕೀಲು ಕೂರಲಿ, ಪಂಡಿತರು ಉಂಡು ಎದ್ದ ಮೇಲೆ ಹಳೇದನ್ನು ಕೀಳಲಿ ಅಂತ ರಾಜನ ಅಪ್ಪಣೆ ಆಯಿತು.

ಬುಧವಾರ ಬಂತು. ಪಂಡಿತ ಮೊದಲ ಎಲೆಗೆ ಕೂತು, ಓಲೆಗರಿ ನೋಡಿಕೊಂಡು ತನ್ನ ಹೊಸ ಮಾತುಗಳನ್ನು ರಾಗವಾಗಿ ಓದಿದ. ಬೊಂಬೆ ಕದಲಿತು. ಮೊದಲು ಬಡಿಸಿತು. ಎಲೆಯ ಮೇಲೆ ಹಸಿ ಅಕ್ಕಿ, ಇಡೀ ಬದನೆಕಾಯಿ. ಆಮೇಲೆ ಒಗ್ಗರಣೆ. ತಣ್ಣಗಿನ ಎಣ್ಣೆ, ಅದರೊಳಗೆ ಸಾಸಿವೆ, ಧಾರಾಳವಾಗಿ. ಆಮೇಲೆ ಒಲೆ ಹಚ್ಚಬೇಕು. ಅಕ್ಕಿ ಎಲ್ಲಿದೆಯೋ ಅಲ್ಲೇ ತಾನೆ ಒಲೆ? ಬೊಂಬೆ ಪಂಡಿತನ ಮಂಡಿಯ ಸುತ್ತ ಅಚ್ಚುಕಟ್ಟಾಗಿ ಸೌದೆ ಜೋಡಿಸಿತು. ಜೋಡಿಸಿ, ಸೌಟಿನಲ್ಲಿ ಕೆಂಡ ತಂದಿತು.

ಪಂಡಿತ ಓಲೆಗರಿ ತಡಕಾಡಿದ. ನಿಲ್ಲು ಅನ್ನುವುದಕ್ಕೆ ಅವನು ಒಂದು ಗೇಣುದ್ದದ ಹೆಸರು ಇಟ್ಟಿದ್ದ. ಅದು ಅವನಿಗೇ ನೆನಪಿರಲಿಲ್ಲ. ಗರಿ ಎಣ್ಣೆಯಲ್ಲಿ ನೆಂದು ಒಂದಕ್ಕೊಂದು ಅಂಟಿತ್ತು.

"ನಿಲ್ಲು. ನಿಲ್ಲು, ನನ್ನಪ್ಪಾ, ನಿಲ್ಲು."

ಬೊಂಬೆ ನಿಂತಿತು. ಕೆಂಡ ಶಾಲಿನಿಂದ ನಾಲ್ಕು ಬೆರಳು ದೂರ.

"ಪಂಡಿತರೇ, ಇದು ಯಾವ ಮಾತು?" ಅಂತ ಕೇಳಿದ ರಾಜ.

"ಹಳೇದು, ಮಹಾಪ್ರಭು. ದೇವೀರಮ್ಮನವರದು."

ರಾಜ ಅಲ್ಲೇ ತೀರ್ಪು ಕೊಟ್ಟ. ಹೊಸ ಕೀಲೆಲ್ಲ ಒಲೆಗೆ. 'ಅಂದಾಜು' ಕೂಡ ಒಲೆಗೆ. 'ನಿನ್ನೆಯಂತೆ' ಮಾತ್ರ ಇರಲಿ, ಅದು ಕೆಲಸಕ್ಕೆ ಬರುತ್ತದೆ. ಪಂಡಿತ ಒಂದು ವರ್ಷ ಛತ್ರದ ಪಾತ್ರೆ ತಿಕ್ಕಬೇಕು. ದೇವೀರಮ್ಮನ ಕೋಣೆ ದೇವೀರಮ್ಮನಿಗೇ. ಅವಳು ತಲೆ ತಗ್ಗಿಸಿ, ಸುಳ್ಳು ಹೇಳಿದ್ದಕ್ಕೆ ತನಗೇನು ಶಿಕ್ಷೆ ಅಂತ ಕೇಳಿದಳು. ರಾಜನಿಗೆ ಅವತ್ತು ತಾನೂ ತಲೆಯಾಡಿಸಿದ್ದು ನೆನಪಾಯಿತೋ ಏನೋ. ಹಿಂದಿನ ದಿನ ಉಳಿದಿದ್ದ ಅಂದಾಜಿನ ಹುಳಿಯನ್ನು ತರಿಸಿ ಅವಳಿಗೊಂದು ಬಟ್ಟಲು, ಮಂತ್ರಿಗೊಂದು, ಸೇನಾಪತಿಗೊಂದು ಬಡಿಸಿ, ತಾನೂ ಒಂದು ತೆಗೆದುಕೊಂಡ. ನಾಲ್ವರೂ ಕಣ್ಣು ಒರೆಸಿಕೊಳ್ಳುತ್ತ ಉಂಡರು.

ಇಷ್ಟೇ ನೀತಿ. ಹೊಸದನ್ನು ತರುವವನು ಮೊದಲು ತಾನು ಉಣ್ಣಲಿ. ತಿಳಿಯದೆ ತಲೆಯಾಡಿಸಿದವರು ಅವನ ಪಂಕ್ತಿಯಲ್ಲೇ ಕೂರಲಿ. ಏಳಿ ಇನ್ನು. ತಿಳಿಯಿತಾ ಅಂತ ಕೇಳಿದರೆ ಸುಮ್ಮನೆ ಹೂಂ ಅನ್ನಬೇಡಿ.