ಕರಡಿ ಇಳಿಯುವ ಬಗೆ

ಈಚಲು ಮರದ ತುದಿಯಲ್ಲಿ ಹೆಂಡದ ಗಡಿಗೆಯನ್ನು ತಬ್ಬಿಕೊಂಡಿದ್ದ ಮಗನನ್ನು ಕಂಡು ತಾಯಿ ಕರಡಿ ಬುಡಕ್ಕೆ ಓಡಿ ಬಂದಿತು. ಪ್ರಾಯಕ್ಕೆ ಬರುತ್ತಿದ್ದ ಮರಿ ಗಾಳಿಯಿಲ್ಲದೆಯೂ ತೂಗಾಡುತ್ತಿತ್ತು. ಮರದ ಬುಡದಲ್ಲಿ ಒಂದು ಬದಿಗೆ ಮರಳು, ಇನ್ನೊಂದು ಬದಿಗೆ ಬಂಡೆ.

“ಯಾರೋ ನಿನಗೆ ಇದನ್ನು ಕಲಿಸಿದ್ದು?” ಎಂದು ತಾಯಿ ಕೂಗಿತು.

“ಚಿಕ್ಕವನಿದ್ದಾಗ ಬೆನ್ನ ಮೇಲೆ ಕೂರಿಸಿಕೊಂಡು ದಿನಾ ಇಲ್ಲಿಗೆ ತಂದವಳು ನೀನೇ ಅಲ್ಲವೇ ಅವ್ವಾ?”

“ಮುಟ್ಟಬೇಡ ಎಂದು ಹೇಳಿರಲಿಲ್ಲವೇ?”

“ಹೇಳಿದ್ದೆ. ಹೇಳುವಾಗ ನಿನ್ನ ಮೂತಿಯ ತುಂಬ ನೊರೆ ಇತ್ತು.”

“ಆ ಮಾತು ಆಮೇಲೆ. ಈಗ ಉಗುರು ಊರಿ ಮೆಲ್ಲಗೆ ಇಳಿ ಮಗಾ.”

“ಹಾಗೆಂದರೆ ಹೇಗೆ? ನೀನು ಇಳಿದದ್ದನ್ನು ನಾನು ಕಂಡೇ ಇಲ್ಲ. ಬಿದ್ದದ್ದನ್ನೇ ಕಂಡಿದ್ದೇನೆ.”

“ಕದಲಬೇಡ, ತೋರಿಸುತ್ತೇನೆ” ಎಂದು ತಾಯಿ ಮರವನ್ನು ಅಪ್ಪಿ ಹತ್ತತೊಡಗಿತು. ಆದರೆ ಪಕ್ಕದ ಮರದ ಗಡಿಗೆಯನ್ನು ಅದು ಆಗಷ್ಟೇ ಬರಿದು ಮಾಡಿ ಬಂದಿತ್ತು. ಆಳೆತ್ತರ ಏರುವಷ್ಟರಲ್ಲಿ ಹಿಡಿತ ತಪ್ಪಿ ಮರಳಿನ ಮೇಲೆ ದೊಪ್ಪನೆ ಬಿತ್ತು. ಎಂದಿನಂತೆ ಮೈ ಕೊಡವಿಕೊಂಡು ಎದ್ದಿತು.

ಮೇಲಿನಿಂದ ಮರಿ ನಕ್ಕಿತು. “ಇಷ್ಟೇ ತಾನೇ? ಇದು ನನಗೆ ಗೊತ್ತು ಬಿಡು.”

“ಬೇಡ ಮಗಾ, ಬೇಡ! ಹಿಡಿದುಕೋ!”

ಮರಿ ಕೈಬಿಟ್ಟಿತು. ಅದು ಬಂಡೆಯ ಬದಿಗೆ ಬಿತ್ತು. ಮತ್ತೆ ಏಳಲಿಲ್ಲ.