ತಡವಾಗಿ ಬಂದ ಪಂಪು

ನಿಂಬೆಗಿಡದ ಮೇಲೆ ಚಿಪ್ಪುಹುಳುವಿನ ಮರಿಗಳು ಹರಿದಾಡತೊಡಗಿದವು. ಗಿಡವು ಕೊಟ್ಟಿಗೆಯಲ್ಲಿದ್ದ ಔಷಧಿ ಪಂಪನ್ನು ಕೂಗಿತು: "ಅಣ್ಣಾ, ಬೇಗ ಬಾ. ಇವುಗಳ ಮೈ ಇನ್ನೂ ಮೆತ್ತಗಿದೆ."

"ಇಷ್ಟು ಚಿಕ್ಕ ಹುಳುಗಳಿಗೆ ನಾನು ಬರಬೇಕೇ? ಬಲಿತ ಮೇಲೆ ಕರೆ," ಎಂದಿತು ಪಂಪು.

ಗಿಡ ದಿನವೂ ಕರೆಯಿತು, ಪಂಪು ಅಲುಗಲಿಲ್ಲ. ಮರಿಗಳು ಕೊಂಬೆಗೆ ಕಚ್ಚಿಕೊಂಡು, ಬೆನ್ನ ಮೇಲೆ ಗಟ್ಟಿ ಚಿಪ್ಪು ಬೆಳೆಸಿಕೊಂಡು ರಸ ಹೀರಿದವು. ಎಲೆಗಳು ಹಳದಿಯಾಗಿ ಉದುರಿದವು. ಆಗ ಪಂಪು ಆರ್ಭಟಿಸುತ್ತ ಬಂದು ಔಷಧಿ ಸಿಂಪಡಿಸಿತು. ಹನಿಗಳು ಚಿಪ್ಪಿನ ಮೇಲಿಂದ ಜಾರಿಹೋದವು. ಸತ್ತು ಬಿದ್ದದ್ದು, ಆ ಹುಳುಗಳನ್ನು ಹಿಡಿದು ತಿನ್ನುತ್ತಿದ್ದ ಗುಲಗಂಜಿ ಹುಳು ಮಾತ್ರ.

"ನೋಡಿದೆಯಾ ನನ್ನ ಶೌರ್ಯ?" ಎಂದಿತು ಪಂಪು.

"ನೋಡಿದೆ ಮಾರಾಯ. ಶತ್ರುವಿಗೆ ಕವಚ ಬರುವವರೆಗೆ ನೀನು ಮಲಗಿದ್ದೆ. ಎದ್ದು ಬಂದು ನನಗಿದ್ದ ಒಬ್ಬಳೇ ಗೆಳತಿಯನ್ನು ಕೊಂದೆ. ದಯವಿಟ್ಟು ಇನ್ನು ಮಲಗಿಯೇ ಇರು!" ಎಂದಿತು ಗಿಡ.