ವಕೀಲರ ಅಂಬಾಸಿಡರ್, ಡಾಕ್ಟರಮ್ಮನ ಫಿಯಟ್

“ಗುರುಗಳೇ, ನಾನೂ ನಂಜಯ್ಯನೂ ಒಂದೇ ದಿನ ಮಠಕ್ಕೆ ಸೇರಿದವರು. ಅವನಿಗೆ ಪಾಠ ಬೇಗ ತಲೆಗೆ ಹತ್ತುತ್ತದೆ. ನಾನು ನಿಧಾನ, ಆದರೆ ಕಲಿತದ್ದನ್ನು ಮರೆಯುವುದಿಲ್ಲ. ನಮ್ಮಿಬ್ಬರಲ್ಲಿ ಯಾರು ಮೇಲು?” ಎಂದು ಮರುಳಯ್ಯ ಕೇಳಿದ.

ಗುರುಗಳು ಹೇಳಿದರು:

ಒಂದೂರಿನಲ್ಲಿ ದಸ್ತಗೀರ್ ಎಂಬ ಮೆಕ್ಯಾನಿಕ್ ಇದ್ದ. ಹಳೆಯ ಕಾರುಗಳೆಂದರೆ ಅವನಿಗೆ ಪ್ರಾಣ. ಆ ಊರಿನ ವಕೀಲರ ಬಳಿ ಒಂದು ಅಂಬಾಸಿಡರ್ ಇತ್ತು, ಅವರ ಪಕ್ಕದ ಮನೆಯ ಡಾಕ್ಟರಮ್ಮನ ಬಳಿ ಒಂದು ಫಿಯಟ್. ಎರಡರ ಎಂಜಿನ್ನನ್ನೂ ಬಿಚ್ಚಿ ಜೋಡಿಸಿದವನು ಅವನೇ.

“ನನ್ನದು ಒಂದೂವರೆ ಲೀಟರಿನ ಎಂಜಿನ್ನು. ಏಳು ಜನ ಕೂತರೂ ಜಗ್ಗುವುದಿಲ್ಲ” ಎನ್ನುತ್ತಿದ್ದರು ವಕೀಲರು. “ನನ್ನದು ಹಗುರ. ನೀವು ಗೇರು ಬದಲಿಸುವಷ್ಟರಲ್ಲಿ ನಾನು ತಿರುವು ದಾಟಿರುತ್ತೇನೆ” ಎನ್ನುತ್ತಿದ್ದರು ಡಾಕ್ಟರಮ್ಮ. ತಮಾಷೆಯಾಗಿ ಶುರುವಾದ ಮಾತು ಬರಬರುತ್ತ ಬಿಗಿಯಾಯಿತು. ಒಬ್ಬರ ಮನೆಗೆ ಇನ್ನೊಬ್ಬರು ಹೋಗುವುದು ನಿಂತಿತು. ಕೊನೆಗೆ ಇಬ್ಬರೂ ದಸ್ತಗೀರನನ್ನು ಕರೆದು, “ಘಾಟಿ ಹತ್ತಿಸಿ ನೋಡೋಣ. ತೀರ್ಪು ನಿನ್ನದು” ಎಂದರು.

ಅವನಿಗೆ ಸಂಕಟ. ಯಾರನ್ನು ಗೆಲ್ಲಿಸಿದರೂ ಇನ್ನೊಬ್ಬರು ತನ್ನ ಗ್ಯಾರೇಜಿನ ಕಡೆ ತಲೆ ಹಾಕುವುದಿಲ್ಲ. ಆದರೂ ಒಂದು ನೋಟ್‌ಬುಕ್ಕು, ಒಂದು ಗಡಿಯಾರ ಹಿಡಿದು ವಕೀಲರ ಪಕ್ಕ ಕೂತ.

ಘಾಟಿಯ ಬುಡದಲ್ಲಿ ಒಂದು ಬಸ್ಸು ಕೆಟ್ಟು ನಿಂತಿತ್ತು. ರಸ್ತೆಯಲ್ಲಿ ಹತ್ತು ಹುಡುಗಿಯರು ಕೈ ಅಡ್ಡ ಹಿಡಿದು ನಿಂತಿದ್ದರು. ಎಲ್ಲರಿಗೂ ಎಸ್ಸೆಸ್ಸೆಲ್ಸಿ ಗಣಿತದ ಪರೀಕ್ಷೆ. ಪರೀಕ್ಷೆಯ ಶಾಲೆ ಘಾಟಿಯ ಮೇಲೆ. ಉಳಿದದ್ದು ಇಪ್ಪತ್ತೈದು ನಿಮಿಷ.

ಡಾಕ್ಟರಮ್ಮ ಬಾಗಿಲು ತೆಗೆದರು. “ವಕೀಲರೇ, ನಾನು ನಾಲ್ವರನ್ನು ಕರೆದುಕೊಂಡು ಮುಂದೆ ಹೋಗಿ ಶಾಲೆಯ ಗೇಟು ಮುಚ್ಚದಂತೆ ಹಿಡಿಯುತ್ತೇನೆ. ಉಳಿದವರು ನಿಮ್ಮ ಗಾಡಿಗೆ.”

“ಹೊರಡಿ, ಮಾತು ಬೇಡ” ಎಂದರು ವಕೀಲರು.

ಫಿಯಟ್ ತಿರುವಿನಲ್ಲಿ ಕಣ್ಮರೆಯಾಯಿತು. ಅಂಬಾಸಿಡರ್ ಆರು ಹುಡುಗಿಯರನ್ನು ಹೊತ್ತು ಎರಡನೇ ಗೇರಿನಲ್ಲಿ ಏರತೊಡಗಿತು. ದಸ್ತಗೀರ್ ಬಾಗಿಲಿಗೆ ಒತ್ತಿಕೊಂಡು ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟ. ಪಕ್ಕದ ಹುಡುಗಿ ಕಣ್ಣು ಮುಚ್ಚಿ ಪ್ರಮೇಯವೊಂದನ್ನು ಬಾಯಿಪಾಠ ಹೇಳಿಕೊಳ್ಳುತ್ತಿದ್ದಳು. ಅವಳ ದನಿ ನಡುಗಿದಾಗಲೆಲ್ಲ ಅವನು, “ತಲುಪುತ್ತೇವೆ ಕಣವ್ವಾ, ನೀನು ಹೇಳು” ಎನ್ನುತ್ತಿದ್ದ.

ಅವರು ಮೇಲೆ ಮುಟ್ಟುವಾಗ ಗಂಟೆ ಹೊಡೆದಾಗಿತ್ತು. ಡಾಕ್ಟರಮ್ಮ ಅರ್ಧ ಮುಚ್ಚಿದ ಗೇಟಿಗೆ ಬೆನ್ನು ಕೊಟ್ಟು, ಕಾವಲುಗಾರನೊಡನೆ ವಾದಿಸುತ್ತ ನಿಂತಿದ್ದರು. ಹುಡುಗಿಯರು ಇಳಿದು ಅವರ ತೋಳಿನಡಿ ನುಸುಳಿ ಒಳಗೆ ಓಡಿದರು.

ದಸ್ತಗೀರ್ ನೋಟ್‌ಬುಕ್ಕು ತೆರೆದ. ಒಂದಕ್ಷರವೂ ಬರೆದಿರಲಿಲ್ಲ; ಗಡಿಯಾರ ನೋಡುವುದೇ ಮರೆತುಹೋಗಿತ್ತು. ವಕೀಲರೂ ಕೇಳಲಿಲ್ಲ, ಡಾಕ್ಟರಮ್ಮನೂ ಕೇಳಲಿಲ್ಲ. ಮೂವರೂ ಒಂದೇ ಮರದ ನೆರಳಲ್ಲಿ ನಿಂತು ಶಾಲೆಯ ಬಾಗಿಲನ್ನೇ ನೋಡುತ್ತಿದ್ದರು.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು.

ಮರುಳಯ್ಯ ತಡೆಯಲಾರದೆ, “ಹಾಗಾದರೆ ಕೊನೆಗೆ ಯಾವ ಕಾರು ಮೇಲು ಎಂದಾಯಿತು?” ಎಂದ.

“ಹತ್ತೂ ಹುಡುಗಿಯರು ಪರೀಕ್ಷೆ ಬರೆದರು, ಮರುಳಯ್ಯ, ಅದನ್ನು ನೀನು ಕೇಳಲೇ ಇಲ್ಲ” ಎಂದರು ಗುರುಗಳು.